ಸದಸ್ಯರಿಗೆ ಮಾತ್ರ

ಗೇನರ್ ಹಿಂಡಲ್ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ವ್ರತವೇನಲ್ಲ. ದಿನಕ್ಕೆ ಎರಡು ಲೀಟರ್ ಕುಡಿಯಬೇಕು ಎಂದೇ ಡಾಕ್ಟರು ಹೇಳಿದ್ದರು. ಎರಡು ಲೀಟರ್ ಕುಡಿದವಳು ಆಮೇಲೆ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಮಾತ್ರ ಚೀಟಿಯಲ್ಲಿ ಬರೆದಿರಲಿಲ್ಲ. ಚೀಲದಲ್ಲಿ ಒಂದು ಬಾಟಲಿ ಇರುತ್ತಿತ್ತು. ಬಾಯಿ ತೀರಾ ಒಣಗಿದಾಗ ಒಂದು ಗುಟುಕು ತುಂಬಿಕೊಂಡು, ಮುಕ್ಕಳಿಸಿ, ಚರಂಡಿಗೆ ಉಗಿಯುತ್ತಿದ್ದಳು.

ಅವಳದು ಮುದುಕರ ಮನೆಗಳಿಗೆ ಹೋಗಿ ಅವರ ಮೈ ನೋಡಿಕೊಳ್ಳುವ ಕೆಲಸ. ಎಬ್ಬಿಸಬೇಕು, ತೊಳೆಯಬೇಕು, ಒರೆಸಬೇಕು, ಬಟ್ಟೆ ಹಾಕಬೇಕು, ಮಾತ್ರೆ ನುಂಗಿಸಬೇಕು. ದಿನಕ್ಕೆ ಹದಿಮೂರು ಮನೆ. ಮನೆಗೆ ಹದಿನೈದು ನಿಮಿಷ. ಆಕರ್‌ಡೇಲ್ ಎನ್ನುವುದು ಗುಡ್ಡ ಹತ್ತಿ ಗುಡ್ಡ ಇಳಿಯುವ ಊರು. ಅವಳಿಗೆ ಕಾರಿಲ್ಲ. ಬಸ್ಸು, ಇಲ್ಲವೇ ಕಾಲು. ಅವಳಿಗೆ ಐವತ್ತೇಳು, ಅವಳ ಮಂಡಿಗೆ ಎಪ್ಪತ್ತು. ದಿನಕ್ಕೆ ಹದಿಮೂರು ಜನರನ್ನು ಎತ್ತಿ ಟಾಯ್ಲೆಟ್ಟಿನ ಮೇಲೆ ಕೂರಿಸಿ, ಕಾದು, ತೊಳೆದು ಎಬ್ಬಿಸುತ್ತಿದ್ದ ಈ ಹೆಂಗಸಿಗೆ ತಾನು ಕೂರಲು ಜಾಗವಿರಲಿಲ್ಲ. ಗ್ರಾಹಕರ ಮನೆಯ ಟಾಯ್ಲೆಟ್ ಬಳಸಕೂಡದು ಎಂದು ಕಂಪನಿಯ ನಿಯಮದ ಪುಸ್ತಕದಲ್ಲಿ ಒಂಬತ್ತನೇ ಪುಟದಲ್ಲೇ ಇತ್ತು. ಉಳಿದದ್ದು ಬಸ್ ಸ್ಟೇಷನ್ನಿನ ಸಾರ್ವಜನಿಕ ಶೌಚಾಲಯ. ಊರಿಗೆಲ್ಲ ಅದೊಂದೇ.

ಎರಡು ವರ್ಷದ ಹಿಂದೆ ಒಮ್ಮೆ ಮಾತ್ರ ಅವಳು ನಿಯಮ ಮೀರಿದ್ದಳು. ಒಮ್ಮೆ ಎಂದರೆ ನಾಲ್ಕು ತಿಂಗಳು. ವಿನಿಫ್ರೆಡ್ ಪಿಲಿಂಗ್ ಎಂಬ ತೊಂಬತ್ತೊಂದರ ಮುದುಕಿಯ ಮನೆಯಲ್ಲಿ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಗೇನರ್ ಅವಳ ಮನೆಗೆ ಹೋಗಬೇಕಿತ್ತು. ಒಂದು ಬೆಳಿಗ್ಗೆ ಮುದುಕಿ ಅವಳ ಮುಖವನ್ನೇ ನೋಡಿ ಅಂದಿದ್ದಳು:

"ಕಾಲು ಕಾಲು ಉಜ್ಕೋತಾ ಇದೀಯಲ್ಲೇ ಚಿನ್ನ. ಹೋಗಿ ಬಾ. ನನ್ನ ಟಾಯ್ಲೆಟ್ಟೇನು ಬಂಗಾರದ್ದಾ?"

"ನಿಯಮ ಇದೆ ವಿನಿ."

"ನಿಯಮಕ್ಕೆ ಉಚ್ಚೆ ಬರುತ್ತೇನೆ? ಹೋಗು."

ಹೋದಳು. ಆಮೇಲೆ ದಿನಾ ಹೋದಳು. ವಿನಿ ಇದನ್ನು ಗುಟ್ಟೆಂದು ತಿಳಿದಿರಲೇ ಇಲ್ಲ. ಒಂದು ಭಾನುವಾರ ಮಗ ಊಟಕ್ಕೆ ಬಂದಾಗ, ಹುರಿದ ಮಾಂಸ ಬಾಯಲ್ಲಿಟ್ಟುಕೊಂಡೇ, "ಆ ಹುಡುಗಿ ಪಾಪ, ಇಲ್ಲೇ ಹೋಗಿ ಬರ್ತಾಳೆ" ಅಂದಳು. ಮಗ ರಾಡ್ನಿ ಪಿಲಿಂಗ್ ಪುರಸಭೆಯ ಸದಸ್ಯ. ಸೋಮವಾರವೇ ಕಂಪನಿಗೆ ಪತ್ರ ಬರೆದ. ಕಂಪನಿ ಗೇನರ್‌ಗೆ ಪತ್ರ ಬರೆಯಿತು: ಗ್ರಾಹಕರ ಸೌಲಭ್ಯದ ದುರ್ಬಳಕೆ, ಮೊದಲ ಎಚ್ಚರಿಕೆ, ಇನ್ನೊಮ್ಮೆ ಆದರೆ ಕೆಲಸವಿಲ್ಲ.

ಮೂರು ವಾರದ ನಂತರ, ಫೆಬ್ರವರಿಯ ಚಳಿಯಲ್ಲಿ, ನಲವತ್ತಮೂರನೇ ನಂಬರಿನ ಬಸ್ಸಿನಲ್ಲಿ, ಬಸ್ ಸ್ಟೇಷನ್ನಿಗೆ ಇನ್ನೂ ಎರಡು ಸ್ಟಾಪು ಇರುವಾಗ, ಗೇನರ್ ಸಮವಸ್ತ್ರದಲ್ಲೇ ಉಚ್ಚೆ ಹೊಯ್ದುಕೊಂಡಳು. ತಡೆದು ತಡೆದು ಸಾಕಾಗಿ ಮೈಯೇ ಕೈಬಿಟ್ಟಿತು. ಬಿಸಿ ಮೊದಲು, ಆಮೇಲೆ ಚಳಿ. ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು ಕೆಳಗೆ ಸರಿಸಿಕೊಂಡು, ಎಲ್ಲರೂ ಇಳಿಯುವತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಡ್ರೈವರ್ ನದೀಮ್ ಕನ್ನಡಿಯಲ್ಲಿ ನೋಡಿದ. ತನ್ನ ಹಳದಿ ಜಾಕೆಟ್ಟನ್ನು ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿಕೊಳ್ಳಲು ಕೊಟ್ಟ. ಅವಳು ಹಾಗೆಯೇ ಹೋಗಿ ಉಳಿದ ಐದು ಮನೆಗಳ ಮುದುಕರನ್ನು ತೊಳೆದಳು.

ವಿನಿ ಹೋದ ಅಕ್ಟೋಬರಿನಲ್ಲಿ ತೀರಿಕೊಂಡಳು. ಅದಾದ ಮೇಲೆ, ಜನವರಿಯಲ್ಲಿ, ಬಸ್ ಸ್ಟೇಷನ್ನಿನ ಶೌಚಾಲಯದ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಮಾರ್ಚ್ ಮೂವತ್ತೊಂದಕ್ಕೆ ಇದು ಮುಚ್ಚುತ್ತದೆ. ಬದಲಿಗೆ ಊರಿನ ಮೂರು ಅಂಗಡಿಗಳು ಸಾರ್ವಜನಿಕರಿಗೆ ತಮ್ಮ ಟಾಯ್ಲೆಟ್ ಬಿಟ್ಟುಕೊಡಲು ಒಪ್ಪಿವೆ. ಮೂರರಲ್ಲಿ ಒಂದು ಕುದುರೆ ಜೂಜಿನ ಅಂಗಡಿ, ಬೆಳಿಗ್ಗೆ ಹನ್ನೊಂದಕ್ಕೆ ತೆರೆಯುತ್ತದೆ. ಇನ್ನೊಂದು ಎಲೆಕ್ಟ್ರಾನಿಕ್ ಸಿಗರೇಟು ಮಾರುವ ಅಂಗಡಿ, ಟಾಯ್ಲೆಟ್ಟು ಮಹಡಿಯ ಮೇಲೆ. ಮೂರನೆಯದು ಬಾಗಿಲು ಹಾಕಿ ಒಂದು ವರ್ಷವಾಗಿತ್ತು. ಕಾಗದದ ಕೊನೆಗೆ ದಪ್ಪಕ್ಷರದಲ್ಲಿ, ನಿಮ್ಮ ಅಭಿಪ್ರಾಯ ನಮಗೆ ಮುಖ್ಯ, ಪರಿಶೀಲನಾ ಸಮಿತಿಯ ಸಭೆಗೆ ಬನ್ನಿ ಎಂದಿತ್ತು.

"ಹೋಗಿ ಹೇಳು ನೀನು," ಅಂದ ನದೀಮ್, ಬಸ್ಸಿಗೆ ಒರಗಿ ಚಹಾ ಕುಡಿಯುತ್ತಾ. "ನಾವು ಗಂಡಸರಿಗೆ ಹೇಗೋ ಬಾಟ್ಲಿ ಇದೆ. ನಮ್ಮ ಶಬಾನಾ ಎಂಟು ಗಂಟೆ ಬಸ್ ಓಡಿಸ್ತಾಳಲ್ಲ, ಅವಳೇನು ಮಾಡ್ಬೇಕು?"

"ನನ್ನ ಮಾತು ಯಾರು ಕೇಳ್ತಾರೆ?"

"ಕೇಳ್ತೀವಿ ಅಂತ ಬಾಗಿಲ ಮೇಲೆ ಬರೆದು ಅಂಟಿಸಿದಾರಲ್ಲ, ಗಮ್ ಹಾಕಿ."

ಗೇನರ್ ಫೋನ್ ಮಾಡಿದಳು. ಆಚೆ ಕಡೆ ಎಳೆಯ ದನಿಯೊಂದು, "ಪ್ರಜಾಪ್ರಭುತ್ವ ಸೇವಾ ವಿಭಾಗ, ನಾನು ಇಮೊಜೆನ್" ಅಂದಿತು. ಪುರಸಭೆಯಲ್ಲಿ ಹಾಗೊಂದು ವಿಭಾಗವೇ ಇತ್ತು. ಕಸದ ವಿಭಾಗದ ಪಕ್ಕದ ಕೋಣೆ.

"ಪ್ರಶ್ನೆ ಬರವಣಿಗೆಯಲ್ಲಿ ಇರ್ಬೇಕು ಮಿಸೆಸ್ ಹಿಂಡಲ್. ಐವತ್ತು ಪದ ಮೀರಬಾರದು. ಸಭೆಗೆ ಐದು ಕೆಲಸದ ದಿನ ಮುಂಚೆ, ಮಧ್ಯಾಹ್ನ ಹನ್ನೆರಡರೊಳಗೆ ನಮಗೆ ತಲುಪಬೇಕು."

"ಆ ಸಭೇಲಿ ಏನೇನು ಚರ್ಚೆ ಅಂತ ನಮಗೆ ಯಾವಾಗ ಗೊತ್ತಾಗುತ್ತೆ?"

"ಸಭೆಗೆ ಐದು ಕೆಲಸದ ದಿನ ಮುಂಚೆ ಅಜೆಂಡಾ ಹಾಕ್ತೀವಿ."

"ಅದೇ ದಿನ. ಎಷ್ಟೊತ್ತಿಗೆ?"

"ಸಾಮಾನ್ಯವಾಗಿ ಸಂಜೆ ನಾಲ್ಕಕ್ಕೆ."

ಆಮೇಲೆ ಇಮೊಜೆನ್ ದನಿ ತಗ್ಗಿಸಿ, "ಇವತ್ತೇ ಕಳಿಸಿಬಿಡಿ, ನಾನು ಜೋಪಾನವಾಗಿ ಇಟ್ಕೊಂಡಿರ್ತೀನಿ" ಅಂದಳು. ಉಳಿದದ್ದನ್ನೂ ಹೇಳಿದಳು. ಮಾತಿಗೆ ಮೂರು ನಿಮಿಷ. ಮೇಜಿನ ಮೇಲೊಂದು ದೀಪ. ಹಸಿರು ಇದ್ದರೆ ಮಾತಾಡಬಹುದು, ಹಳದಿ ಬಂದರೆ ಮುಗಿಸಬೇಕು, ಕೆಂಪು ಬಂದರೆ ಕೂರಬೇಕು. ಅಧ್ಯಕ್ಷರ ಉತ್ತರ ಕೇಳಿ ಒಂದೇ ಒಂದು ಪೂರಕ ಪ್ರಶ್ನೆ ಕೇಳಬಹುದು. ಹೆಸರು ಕರೆದಾಗ ಸಭೆಯೊಳಗೆ ಇಲ್ಲದಿದ್ದರೆ ಅವಕಾಶ ರದ್ದು.

ಮಾರ್ಚ್ ಹದಿನೇಳು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ. ದುಡಿಯುವ ಜನ ಬರಲು ಎಷ್ಟು ಬೇಕೋ ಅಷ್ಟು ಅನಾನುಕೂಲವಾದ ಹೊತ್ತು. ಗೇನರ್ ಅರ್ಧ ದಿನದ ಸಂಬಳ ಬಿಟ್ಟು ಹೊರಟಳು. ಬಸ್ ಇಳಿಯುವಾಗ ನದೀಮ್, "ಗಂಟಲು ಒಣಗಿದ್ರೆ ಮಾತು ಹೊರಡಲ್ಲ, ಕುಡಿ" ಅಂದ. ಇವತ್ತೊಂದು ದಿನ ತಾನೇ ಎಂದು ಅವಳು ಅರ್ಧ ಬಾಟಲಿ ಕುಡಿದಳು. ಅದು ಅವಳು ಮಾಡಿದ ತಪ್ಪು. ಅಥವಾ ನಾಲ್ಕು ವರ್ಷದಲ್ಲಿ ಮಾಡಿದ ಒಂದೇ ಸರಿಯಾದ ಕೆಲಸ.

ಟೌನ್‌ಹಾಲಿನ ಮೊದಲ ಮಹಡಿಯ ಸಭಾಂಗಣದಲ್ಲಿ ಒಂಬತ್ತು ಜನ ಸದಸ್ಯರು ಚರ್ಮದ ಕುರ್ಚಿಗಳಲ್ಲಿ ಕೂತಿದ್ದರು. ಹಿಂದುಗಡೆ ಹಗ್ಗ ಕಟ್ಟಿ, ಸಾರ್ವಜನಿಕರು ಎಂದು ಬೋರ್ಡು ಇಟ್ಟು, ಮೂವತ್ತಾರು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅದರಲ್ಲಿ ಒಂದರ ಮೇಲೆ ಗೇನರ್ ಕೂತಳು. ಮೂವತ್ತೈದು ಖಾಲಿ. ಅಧ್ಯಕ್ಷರ ಕುರ್ಚಿಯಲ್ಲಿ ರಾಡ್ನಿ ಪಿಲಿಂಗ್. ಎಪ್ಪತ್ತರ ಆಸುಪಾಸು, ಕೆಂಪು ಮುಖ, ತಾಯಿಯದೇ ಮೂಗು. ಆ ತಾಯಿಯ ಬೆನ್ನಿನ ಹುಣ್ಣು ಎಲ್ಲೆಲ್ಲಿತ್ತು ಎನ್ನುವುದು ಗೇನರ್‌ಗೆ ಗೊತ್ತಿತ್ತು. ಅವನಿಗೆ ಗೇನರಳ ಮುಖ ಗೊತ್ತಿರಲಿಲ್ಲ. ಅವನು ಬರುತ್ತಿದ್ದುದು ಭಾನುವಾರ ಮಾತ್ರ; ಭಾನುವಾರ ಅವಳಿಗೆ ಬೇರೆ ಬೀದಿ.

ಚಹಾದ ಗಾಡಿ ಬಂತು. ಸದಸ್ಯರಿಗೆ ಕೊಟ್ಟಿತು. ಹಗ್ಗದ ತನಕ ಬಂದು ತಿರುಗಿತು. ಐದು ವಿಷಯ ಮುಗಿಯುವಷ್ಟರಲ್ಲಿ ಮೂರೂಕಾಲು ಆಯಿತು. ಗೇನರ್ ಕಾಲ ಮೇಲೆ ಕಾಲು ಹಾಕಿದಳು.

ಆರನೇ ವಿಷಯ, ಪರಿಶೀಲನಾ ಸಮಿತಿಯ ಕೆಲಸದಲ್ಲಿ ಸಾರ್ವಜನಿಕರ ಪಾಲ್ಗೊಳ್ಳುವಿಕೆಯನ್ನು ಹೆಚ್ಚಿಸುವುದು. ಮ್ಯಾಂಚೆಸ್ಟರಿನಿಂದ ಒಬ್ಬ ಪರಿಣತನನ್ನು ಕರೆಸಿದ್ದರು. ಅವನು ಗೋಡೆಯ ಮೇಲೆ ಚಿತ್ರ ಬಿಟ್ಟ. ಬೇರೆಬೇರೆ ಬಣ್ಣದ ಜನ ಬಿಳಿ ಹಲ್ಲು ತೋರಿಸಿ ಕೈ ಎತ್ತಿದ್ದರು. ಆ ಚಿತ್ರದಲ್ಲಿದ್ದ ಒಬ್ಬರೂ ಆಕರ್‌ಡೇಲಿನವರಲ್ಲ.

"ಸಾರ್ವಜನಿಕರು ಯಾಕೆ ಬರ್ತಿಲ್ಲ ಅನ್ನೋದೇ ನಮ್ಮನ್ನ ಕಾಡ್ತಿರೋ ಪ್ರಶ್ನೆ," ಅಂದ ಪಿಲಿಂಗ್.

"ಟಿವಿ ಜಾಸ್ತಿ ಆಗಿದೆ," ಅಂದಳು ಮಿಸೆಸ್ ಲಂಬ್ ಎಂಬ ಹಿರಿಯ ಸದಸ್ಯೆ.

"ಆಸಕ್ತಿ ಇಲ್ಲ ಜನಕ್ಕೆ. ಕೊಟ್ಟಿದ್ದನ್ನ ತಗೊಂಡು ಹೋಗ್ತಾರೆ," ಅಂದ ಇನ್ನೊಬ್ಬ.

"ತಲುಪೋಕೆ ಕಷ್ಟವಾದ ವರ್ಗಗಳು ಅಂತ ಕರೀತೀವಿ ಇವರನ್ನ," ಅಂದ ಪರಿಣತ.

ಗೇನರ್ ಕೈ ಎತ್ತಿದಳು. ಗೋಡೆಯ ಮೇಲಿನ ಚಿತ್ರದವರ ಹಾಗೆಯೇ. ಪಿಲಿಂಗ್ ಕನ್ನಡಕದ ಮೇಲಿನಿಂದ ನೋಡಿದ.

"ಕ್ಷಮಿಸಿ. ಈ ವಿಷಯದ ಮೇಲೆ ಮಾತಾಡೋಕೆ ಸಾರ್ವಜನಿಕರು ಯಾರೂ ಹೆಸರು ಕೊಟ್ಟಿಲ್ಲ."

"ನಾನೇ ಸಾರ್ವಜನಿಕರು. ಇಲ್ಲಿ ಬೇರೆ ಯಾರೂ ಇಲ್ಲ."

"ಹೌದು, ಹೌದು. ನೀವು ಬಂದಿದ್ದು ಸಂತೋಷ." ಅವನು ಪರಿಣತನ ಕಡೆ ತಿರುಗಿದ. "ಮುಂದುವರಿಸಿ. ಅವರು ಯಾಕೆ ಬರ್ತಿಲ್ಲ?"

ಎಪ್ಪತ್ತು ನಿಮಿಷ ಚರ್ಚೆ ನಡೆಯಿತು. ಜನರನ್ನು ಸೆಳೆಯಲು ಒಂದು ಲಾಂಛನ ಬೇಕೆಂದು ತೀರ್ಮಾನವಾಯಿತು. ಕೈಗಳು ಇರಬೇಕೋ ಕಿವಿ ಇರಬೇಕೋ ಎಂಬಲ್ಲಿ ಭಿನ್ನಾಭಿಪ್ರಾಯ ಬಂದು ಉಪಸಮಿತಿಗೆ ಹೋಯಿತು. ಗೇನರ್ ಆ ಹೊತ್ತಿಗೆ ಹೊಟ್ಟೆಯ ಕೆಳಗೆ ಮುಷ್ಟಿ ಒತ್ತಿ ಹಿಡಿದು, ಹಲ್ಲು ಕಚ್ಚಿ, ಹಗ್ಗದ ಗಂಟನ್ನೇ ನೋಡುತ್ತಾ ಕೂತಿದ್ದಳು. ಬಸ್ಸಿನ ಆ ದಿನ ಅವಳ ತೊಡೆಗಳಿಗೆ ನೆನಪಿತ್ತು. ಬೆವರು ಬಂತು.

"ಹತ್ತು ನಿಮಿಷ ವಿರಾಮ," ಅಂದ ಪಿಲಿಂಗ್. "ಏಳನೇ ವಿಷಯ, ಬಸ್ ಸ್ಟೇಷನ್ ಶೌಚಾಲಯ, ಆಮೇಲೆ."

ಅವಳು ಎದ್ದು, ಬೆನ್ನು ಬಗ್ಗಿಸಿಕೊಂಡೇ ಕಾರಿಡಾರಿಗೆ ಬಂದಳು. ಬಾಗಿಲಲ್ಲಿ ಟೌನ್‌ಹಾಲಿನ ಹಳೇ ಜವಾನ ಕ್ಲಿಫ್ ನಿಂತಿದ್ದ. ಅವನ ಅಕ್ಕನನ್ನೂ ಗೇನರ್ ಒಂದು ಕಾಲಕ್ಕೆ ನೋಡಿಕೊಂಡಿದ್ದಳು.

"ಟಾಯ್ಲೆಟ್ ಎಲ್ಲಿ ಕ್ಲಿಫ್?"

"ಸಾರ್ವಜನಿಕರದ್ದಾ? ಕೆಳಗಿತ್ತು ಚಿನ್ನ. ಎರಡು ವರ್ಷದ ಹಿಂದೆ ಮುಚ್ಚಿದ್ರು. ಈಗ ಅಲ್ಲಿ ಹಳೇ ಫೈಲ್ ಇಟ್ಟಿದಾರೆ."

"ಮತ್ತೆ ಬಂದವರು ಎಲ್ಲಿ ಹೋಗ್ಬೇಕು?"

"ಬಸ್ ಸ್ಟೇಷನ್ನಿಗೆ. ಆರು ನಿಮಿಷದ ದಾರಿ."

"ಹೋಗೋಕೆ ಆರು, ಬರೋಕೆ ಆರು. ಇವರು ಕೊಟ್ಟಿದ್ದು ಹತ್ತು."

ಕ್ಲಿಫ್ ತನ್ನ ಬೂಟು ನೋಡಿಕೊಂಡ. "ನೀನು ಬರೋಷ್ಟೊತ್ತಿಗೆ ನಿನ್ನ ಹೆಸರು ಕೂಗಿ ಮುಗಿಸಿರ್ತಾರೆ. ಹೋದ ವರ್ಷ ಆ ಹೂವಿನಂಗಡಿ ಮುದುಕನಿಗೆ ಹಾಗೇ ಆಯ್ತು."

ಕಾರಿಡಾರಿನ ಕೊನೆಯಲ್ಲಿ ಓಕ್ ಮರದ ಒಂದು ಬಾಗಿಲು. ಸದಸ್ಯರಿಗೆ ಮಾತ್ರ ಎಂದು ಹಿತ್ತಾಳೆಯ ಫಲಕ. ಮೊದಲು ಅಂಥವು ನಾಲ್ಕಿದ್ದವು. ಮೂರನ್ನು ಒಡೆದು ಸದಸ್ಯರಿಗೆ ವಿಶ್ರಾಂತಿ ಕೋಣೆ ಮಾಡಿ, ಇದೊಂದನ್ನು ಉಳಿಸಿಕೊಂಡಿದ್ದರು. ಮಿಸೆಸ್ ಲಂಬ್ ಅದರ ಮುಂದೆ ನಿಂತು ಗೋಡೆಯಲ್ಲಿದ್ದ ನಂಬರ್ ಬೀಗದ ಗುಂಡಿಗಳನ್ನು ನೋಡುತ್ತಿದ್ದಳು.

"ಕ್ಲಿಫ್, ನಂಬರ್ ಏನಪ್ಪಾ ಇದು?"

"ಒಂದು, ಒಂಬತ್ತು, ಏಳು, ನಾಲ್ಕು ಮೇಡಂ," ಕ್ಲಿಫ್ ಇಲ್ಲಿಂದಲೇ ಕೂಗಿದ. "ಹೋದ ತಿಂಗಳೂ ಅದೇ ಇತ್ತು."

ಕೂಗುವಾಗ ಅವನು ಗೇನರಳನ್ನು ನೋಡಲಿಲ್ಲ. ನೋಡದೇ ಇದ್ದದ್ದು ಬೇಕೆಂದೇ. ಮಿಸೆಸ್ ಲಂಬ್ ಹೋಗಿ ಬಂದಳು. ಪಿಲಿಂಗ್ ಇನ್ನೂ ಬಿಸ್ಕತ್ತಿನ ತಟ್ಟೆಯ ಹತ್ತಿರ ಪರಿಣತನ ಬೆನ್ನು ತಟ್ಟುತ್ತಿದ್ದ. ಗೇನರ್ ನಡೆದುಹೋಗಿ ನಾಲ್ಕು ಗುಂಡಿ ಒತ್ತಿ, ಒಳಗೆ ನುಗ್ಗಿ, ಅಗುಳಿ ಹಾಕಿ, ಕೂತಳು.

ಕೂತ ಮೇಲೆ ನೋಡಿದಳು. ನೆಲಕ್ಕೆ ಅಮೃತಶಿಲೆ. ಗೋಡೆಗೆ ಹಸಿರು ಟೈಲ್ಸ್. ಬಿಸಿನೀರಿನ ಕೊಳವೆ ಗುಂಯ್ಗುಡುತ್ತಿತ್ತು. ಕೈ ಒರೆಸಲು ಬಟ್ಟೆಯ ಟವೆಲುಗಳು, ಮಡಚಿ ಇಟ್ಟವು. ಸೀಟು ಬೆಚ್ಚಗಿತ್ತು. ಇಲ್ಲಿ ಹದಿನೈದು ನಿಮಿಷ ಎಂದು ಯಾರೂ ಬರೆದಿರಲಿಲ್ಲ. ಮೈ ಹಗುರಾಯಿತು, ಆಮೇಲೆ ಸಿಟ್ಟು ಬಂತು. ಇಷ್ಟು ಸಣ್ಣ ವಸ್ತುವಿಗಾಗಿ ತಾನು ನಾಲ್ಕು ವರ್ಷ ಬಾಯಿ ಒಣಗಿಸಿಕೊಂಡೆನಲ್ಲ ಎಂದು ಹೊಟ್ಟೆ ಉರಿದು ಅಳು ಬಂತು. ಮುಖ ತೊಳೆದಳು. ಅಗುಳಿಯ ಮೇಲೆ ಕೈ ಇಟ್ಟಳು. ಕೈ ತೆಗೆದಳು. ಮುಚ್ಚಳ ಹಾಕಿ ಅದರ ಮೇಲೆ ಮತ್ತೆ ಕೂತಳು.

ಬಾಗಿಲು ಬಡಿದ ಸದ್ದಾಯಿತು.

"ಒಳಗೆ ಯಾರು?"

"ಸಾರ್ವಜನಿಕರು."

"ಇದು ಸದಸ್ಯರಿಗೆ ಮಾತ್ರ, ಮೇಡಂ," ಅಂದಿತು ಪಿಲಿಂಗ್‌ನ ದನಿ.

"ಓದಿದೆ."

"ಸ್ವಲ್ಪ ಬೇಗ ಬರ್ತೀರಾ? ನನಗೆ ಮಾತ್ರೆ ಇದೆ. ನೀರಿನ ಮಾತ್ರೆ."

ಮೈಯ ನೀರನ್ನೆಲ್ಲ ಉಚ್ಚೆಯಾಗಿ ಇಳಿಸುವ ಆ ಮಾತ್ರೆ ಗೇನರ್‌ಗೆ ಗೊತ್ತಿತ್ತು. ಹದಿಮೂರು ಮನೆಗಳಲ್ಲಿ ಒಂಬತ್ತರಲ್ಲಿ ಅದನ್ನು ಅವಳೇ ನುಂಗಿಸುತ್ತಿದ್ದಳು. ನುಂಗಿದವರಿಗೆ ಎಷ್ಟು ಹೊತ್ತು ತಡೆಯಲು ಸಾಧ್ಯ ಎಂಬ ಅಂದಾಜೂ ಇತ್ತು.

"ನನ್ನ ಮೂರು ನಿಮಿಷ ಇಲ್ಲೇ ಕೊಡಿ. ಹೇಳಿ ಬರ್ತೀನಿ," ಅಂದಳು.

"ಅದು ಸಭೆಯೊಳಗೆ ಮಾತ್ರ. ನಿಯಮ ಇದೆ."

"ನಿಯಮಕ್ಕೆ ಉಚ್ಚೆ ಬರುತ್ತಾ ಮಿಸ್ಟರ್ ಪಿಲಿಂಗ್?"

ಅದು ಅವನ ತಾಯಿಯ ಮಾತೆಂದು ಅವನಿಗೆ ತಿಳಿಯಲಿಲ್ಲ. ಅವನು ಕ್ಲಿಫ್‌ನನ್ನು ಕರೆದ. ಅಗುಳಿ ಒಳಗಿನಿಂದ ಮಾತ್ರ ತೆಗೆಯಲು ಬರುತ್ತದೆ ಎಂದು ಕ್ಲಿಫ್ ಬಹಳ ವಿನಯದಿಂದ ಹೇಳಿದ. ಬಡಗಿಯನ್ನು ಕರೆಸಬಹುದು, ಗುರುವಾರ ಸಿಗುತ್ತಾನೆ. ನೌಕರರ ಟಾಯ್ಲೆಟ್ಟು ಅಂಗಳದಾಚೆಯ ಕಟ್ಟಡದಲ್ಲಿತ್ತು, ಅದಕ್ಕೆ ಕಾರ್ಡು ಬೇಕು. ಕಾರ್ಡು, ಸದ್ದು ಕೇಳಿ ಬಂದಿದ್ದ ಇಮೊಜೆನ್‌ಳ ಕೊರಳಲ್ಲೇ ನೇತಾಡುತ್ತಿತ್ತು. ಅದು ಅವಳಿಗೂ ನೆನಪಾಗಲಿಲ್ಲ, ಉಳಿದವರ ಕಣ್ಣಿಗೂ ಬೀಳಲಿಲ್ಲ. ಬದಲಿಗೆ ಅವಳು ಸಭಾಂಗಣಕ್ಕೆ ಓಡಿಹೋಗಿ ದೀಪವನ್ನು ಎತ್ತಿಕೊಂಡು ಬಂದು, ಟಾಯ್ಲೆಟ್ಟಿನ ಬಾಗಿಲ ಮುಂದೆ ನೆಲದ ಮೇಲೆ ಇಟ್ಟು, ಹಸಿರು ಹಾಕಿದಳು.

"ಶುರು ಮಾಡಿ ಮಿಸೆಸ್ ಹಿಂಡಲ್," ಅಂದಳು. "ದೀಪ ನಿಮಗೆ ಕಾಣಲ್ಲ. ಪರವಾಗಿಲ್ಲ."

ಒಂಬತ್ತು ಜನ ಸದಸ್ಯರೂ ಕಾರಿಡಾರಿನಲ್ಲಿ ಬಂದು ನಿಂತರು. ಆ ಸಮಿತಿ ಸಾರ್ವಜನಿಕರ ಮಾತನ್ನು ಅಷ್ಟು ಹತ್ತಿರದಿಂದ ಹಿಂದೆಂದೂ ಕೇಳಿರಲಿಲ್ಲ.

"ನಾನು ಗೇನರ್ ಹಿಂಡಲ್. ಮುದುಕರನ್ನ ತೊಳಿಯೋ ಕೆಲಸ. ಬೆಳಿಗ್ಗೆ ಆರೂವರೆಯಿಂದ ರಾತ್ರಿ ಎಂಟರ ತನಕ. ಅಷ್ಟೊತ್ತಿಗೆ ನನಗೆ ಇರೋದು ಒಂದೇ ಟಾಯ್ಲೆಟ್ಟು, ಬಸ್ ಸ್ಟೇಷನ್ನಿಂದು. ನೀವು ಅದನ್ನ ಮುಚ್ತೀರಿ. ಬಸ್ ಓಡಿಸೋ ಹೆಂಗಸರಿದಾರೆ, ಸಂತೆಯಲ್ಲಿ ಮೀನು ಮಾರೋರಿದಾರೆ, ಎಂಟು ತಿಂಗಳ ಬಸುರಿಯರಿದಾರೆ. ಅವರಿಗೆ ಜೂಜಿನ ಅಂಗಡಿಗೆ ಹೋಗಿ ಅಂತೀರಿ.

"ನಿಮ್ಮ ತಾಯಿ ವಿನೀನ ಎರಡು ವರ್ಷ ತೊಳೆದವಳು ನಾನು. ದಿನಕ್ಕೆ ಮೂರು ಸಲ. ಅವರು ನನ್ನ ಮುಖ ನೋಡಿ, ನಮ್ಮ ಟಾಯ್ಲೆಟ್ಟಿಗೆ ಹೋಗು ಅಂದ್ರು. ನೀವು ಕಂಪನಿಗೆ ಪತ್ರ ಬರೆದ್ರಿ. ಆಮೇಲೆ ನಾನು ಹೋಗಲಿಲ್ಲ. ಮೂರು ವಾರಕ್ಕೆ ಬಸ್ಸಲ್ಲಿ ಎಲ್ಲರ ಮುಂದೆ ಬಟ್ಟೇಲೇ ಹೊಯ್ಕೊಂಡೆ. ಐವತ್ತೈದು ವರ್ಷದ ಹೆಂಗಸು. ಅದೇ ಒದ್ದೆ ಬಟ್ಟೇಲಿ ಸಂಜೆ ವಿನೀ ಮನೆಗೆ ಹೋದೆ. ನಿಮ್ಮ ತಾಯಿ ಮೂಗಿಗೆ ವಾಸನೆ ಬಂತು. ತಾನೇ ಮಾಡ್ಕೊಂಡೆ ಅನ್ಕೊಂಡು ಅವರು ಅತ್ರು. ಅಲ್ಲ ವಿನಿ, ನಾನು ಅಂತ ಹೇಳೋಕೆ ನನಗೆ ನಾಚಿಕೆ ಆಯ್ತು. ಹೇಳಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಸುಡೋದು ಅದೇ."

ಇಮೊಜೆನ್ ದೀಪವನ್ನು ಹಳದಿಗೂ ತಿರುಗಿಸಲಿಲ್ಲ, ಕೆಂಪಿಗೂ ತಿರುಗಿಸಲಿಲ್ಲ. ಪಿಲಿಂಗ್ ಗೋಡೆಗೆ ಹಣೆ ಆನಿಸಿ, ಮಂಡಿಗೆ ಮಂಡಿ ಒತ್ತಿಕೊಂಡು ನಿಂತಿದ್ದ. ನಾಚಿಕೆಯಿಂದಲೋ ಮಾತ್ರೆಯಿಂದಲೋ ಹೇಳುವುದು ಕಷ್ಟ. ಎರಡೂ ಇರಬಹುದು.

"ಶೌಚಾಲಯ ತೆರೆದಿರಲಿ ಅಂತ ಶಿಫಾರಸು ಮಾಡ್ತೀನಿ," ಅಂದ. "ದಯವಿಟ್ಟು ಬನ್ನಿ."

"ಬರವಣಿಗೇಲಿ ಕೊಡಿ. ಐವತ್ತು ಪದ ಮೀರಬಾರದು."

ಅವನು ಅಜೆಂಡಾದ ಹಿಂಬದಿಯಲ್ಲಿ, ಓಕ್ ಬಾಗಿಲಿಗೇ ಒತ್ತಿ ಹಿಡಿದು ಬರೆದ. ಅಕ್ಷರ ಕುಣಿಯುತ್ತಿದ್ದವು. ಕಾಗದ ಬಾಗಿಲ ಕೆಳಗಿನಿಂದ ಒಳಗೆ ಬಂತು. ಶೌಚಾಲಯವನ್ನು ಮುಚ್ಚಬಾರದೆಂದು ಸಮಿತಿ ಶಿಫಾರಸು ಮಾಡುತ್ತದೆ, ಆರ್. ಪಿಲಿಂಗ್. ಗೇನರ್ ಎರಡು ಸಲ ಓದಿ, ಮಡಚಿ ಎದೆಯೊಳಗಿಟ್ಟುಕೊಂಡು ಅಗುಳಿ ತೆಗೆದಳು. ಪಿಲಿಂಗ್ ಅವಳ ಮುಖ ನೋಡದೆ ಒಳಗೆ ನುಗ್ಗಿದ.

ಐದು ನಿಮಿಷದ ನಂತರ ಅವನು ಸಭಾಂಗಣಕ್ಕೆ ಬಂದಾಗ ಬೇರೆಯೇ ಮನುಷ್ಯನಾಗಿದ್ದ. ಟೈ ಸರಿಯಾಗಿತ್ತು. ಮುಖದ ಕೆಂಪು ಇಳಿದಿತ್ತು. ನೀರು ಇಳಿದ ಮೇಲೆ ನಿಯಮ ಏರಿತ್ತು.

"ಏಳನೇ ವಿಷಯ," ಅಂದ. "ಸಾರ್ವಜನಿಕರೊಬ್ಬರ ಅನಿಸಿಕೆ ಬಂದಿದೆ. ಸಮಿತಿ ಅದನ್ನ ಗಮನಿಸಿದೆ. ಮತಕ್ಕೆ ಹಾಕೋಣ."

ಗೇನರ್ ಎದ್ದು ನಿಂತು ಕಾಗದ ಎತ್ತಿ ಹಿಡಿದಳು. "ನೀವು ಬರೆದು ಕೊಟ್ಟಿದೀರಿ."

"ಅದು ವಿರಾಮದಲ್ಲಿ ಬರೆದದ್ದು. ಸಭೆಯ ಹೊರಗೆ. ಅನುಮೋದಕರಿಲ್ಲ."

"ನನಗೆ ಒಂದು ಪೂರಕ ಪ್ರಶ್ನೆ ಇದೆ."

"ಪೂರಕ ಪ್ರಶ್ನೆ ಬರೋದು ಉತ್ತರದ ಮೇಲೆ. ನಾನಿನ್ನೂ ಉತ್ತರವೇ ಕೊಟ್ಟಿಲ್ಲವಲ್ಲ," ಅಂದ ಪಿಲಿಂಗ್. "ಹತ್ತು ಕೆಲಸದ ದಿನದೊಳಗೆ ಪತ್ರದಲ್ಲಿ ಬರುತ್ತೆ."

ಮುಚ್ಚುವುದಕ್ಕೆ ಏಳು ಮತ, ಬೇಡವೆನ್ನುವುದಕ್ಕೆ ಎರಡು. ಎರಡರಲ್ಲಿ ಒಂದು ಮಿಸೆಸ್ ಲಂಬ್‌ಳದು. ಅವಳು ಮತ ಹಾಕುವಾಗ ಅಧ್ಯಕ್ಷರ ಕಡೆ ನೋಡಲಿಲ್ಲ. ಕೊನೆಗೆ ಪಿಲಿಂಗ್ ಇನ್ನೊಂದು ಮಾತು ನಡಾವಳಿಯಲ್ಲಿ ಸೇರಿಸಿದ. ಹೋದ ಸಭೆಗೆ ಸಾರ್ವಜನಿಕರು ಒಬ್ಬರೂ ಬಂದಿರಲಿಲ್ಲ. ಈ ಸಭೆಗೆ ಬಂದಿದ್ದಾರೆ. ಪಾಲ್ಗೊಳ್ಳುವಿಕೆ ಹೆಚ್ಚಿದ್ದನ್ನು ಸಮಿತಿ ಹರ್ಷದಿಂದ ದಾಖಲಿಸುತ್ತದೆ.

ಮೆಟ್ಟಿಲಿಳಿಯುವಾಗ ಕ್ಲಿಫ್ ಅವಳ ಪಕ್ಕದಲ್ಲೇ ಬಂದ.

"ಆ ಬಾಗಿಲಿನ ನಂಬರ್ ಬದಲಿಸೋಕೆ ಹೇಳಿದಾರೆ," ಅಂದ. "ಅರ್ಜಿ ಹಾಕ್ಬೇಕು. ಅದಕ್ಕೆ ಇಪ್ಪತ್ತೆಂಟು ಕೆಲಸದ ದಿನ. ಮಧ್ಯೆ ಈಸ್ಟರ್ ರಜೆ ಬೇರೆ."

"ಮುಂದಿನ ಸಭೆ ಯಾವತ್ತು?"

"ಏಪ್ರಿಲ್ ಇಪ್ಪತ್ತೊಂದು."

ಗೇನರ್ ಮೆಟ್ಟಿಲ ಮೇಲೆ ನಿಂತು ಬೆರಳು ಮಡಚಿ ಲೆಕ್ಕ ಹಾಕಿದಳು. "ಅರ್ಜಿ ನಿಧಾನವಾಗಿ ಹಾಕು ಕ್ಲಿಫ್."

"ನನಗೆ ಮೊದಲೇ ಬರವಣಿಗೆ ಬರಲ್ಲ," ಅಂದ ಕ್ಲಿಫ್.

ಮಾರ್ಚ್ ಮೂವತ್ತೊಂದರ ಸಂಜೆ ಬಸ್ ಸ್ಟೇಷನ್ನಿನ ಶೌಚಾಲಯಕ್ಕೆ ತಗಡಿನ ಬಾಗಿಲು ಇಳಿಯಿತು. ಮಾರನೆಯ ಬೆಳಿಗ್ಗೆ, ಮೊದಲ ಬಸ್ಸು ಹೊರಡುವ ಹೊತ್ತಿಗೆ, ತಗಡಿನ ಮೇಲೆ ದಪ್ಪ ಕಪ್ಪು ಪೆನ್ನಿನ ಬರಹವಿತ್ತು: ಟೌನ್‌ಹಾಲ್. ಮೊದಲ ಮಹಡಿ. ಕಾರಿಡಾರಿನ ಕೊನೆ. ೧೯೭೪. ಮುಂಚಿತವಾಗಿ ಹೆಸರು ಕೊಡಬೇಕಾಗಿಲ್ಲ.

ಮೊದಲ ದಿನ ಮೂರು ಜನ ಹೋದರು. ಮೊದಲು ಹೋದವಳು ಶಬಾನಾ, ಬಸ್ಸನ್ನು ಬಾಗಿಲಲ್ಲೇ ನಿಲ್ಲಿಸಿ. ವಾರಕ್ಕೆ ನಲವತ್ತಾಯಿತು. ಹೊಡೆದಾಟವಿಲ್ಲ, ಕೂಗಾಟವಿಲ್ಲ. ಆಕರ್‌ಡೇಲಿನ ಜನ ಸಾಲು ನಿಂತರು, ಅಷ್ಟೇ. ಸಾಲು ನಿಲ್ಲುವುದನ್ನು ಆ ಊರಿನವರಿಗೆ ಕಲಿಸಬೇಕಾಗಿಲ್ಲ. ಮುಂದಿನವರ ಬೆನ್ನಿಗೆ ಎರಡಡಿ ಬಿಟ್ಟು, ಹವಾಮಾನದ ಮಾತಾಡುತ್ತಾ ನಿಂತರು. ಮೀನು ಮಾರುವವಳು ರಬ್ಬರ್ ಬೂಟಿನಲ್ಲೇ ಬಂದಳು. ಹೂವಿನಂಗಡಿ ಮುದುಕ ಒಂದು ಕಟ್ಟು ಹೂವು ತಂದು ಕನ್ನಡಿಯ ಹತ್ತಿರ ಇಟ್ಟ. ಪೊಲೀಸರನ್ನು ಕರೆಸಿದರು. ಬಂದ ಪೊಲೀಸಿನವಳು ಬೆಳಿಗ್ಗೆಯಿಂದ ಗಸ್ತಿನಲ್ಲಿದ್ದವಳು. ಅವಳೂ ಸಾಲಿನಲ್ಲಿ ನಿಂತಳು.

ಏಪ್ರಿಲ್ ಇಪ್ಪತ್ತೊಂದರ ಮಧ್ಯಾಹ್ನ, ಮೂರೂವರೆಗೆ, ಪರಿಶೀಲನಾ ಸಮಿತಿಗೆ ವಿರಾಮ ಸಿಕ್ಕಿತು. ಪಿಲಿಂಗ್ ಬೇಗಬೇಗ ಕಾರಿಡಾರಿಗೆ ಬಂದ. ಸಾಲು ಓಕ್ ಬಾಗಿಲಿನಿಂದ ಶುರುವಾಗಿ, ಸಭಾಂಗಣ ದಾಟಿ, ಮೆಟ್ಟಿಲಿಳಿದು, ಕೆಳಗಿನ ಹಳೇ ಫೈಲುಗಳ ಕೋಣೆಯ ತನಕ ಹೋಗಿತ್ತು. ಅವನು ಬಾಗಿಲಿನ ಕಡೆ ನಾಲ್ಕು ಹೆಜ್ಜೆ ಇಟ್ಟ. ಯಾರೂ ಅಡ್ಡ ಬರಲಿಲ್ಲ. ಎಲ್ಲರೂ ಮಾತು ನಿಲ್ಲಿಸಿ ಅವನನ್ನು ನೋಡಿದರು, ಅಷ್ಟೇ. ಆ ಊರಿನಲ್ಲಿ ಹುಟ್ಟಿ ಎಪ್ಪತ್ತು ವರ್ಷ ಬಾಳಿದವನು ಏನು ಬೇಕಾದರೂ ಮಾಡಬಲ್ಲ, ತಾಯಿಯ ಆಳಿನ ಮೇಲೆ ಪತ್ರ ಬರೆಯಬಲ್ಲ, ಕೊಟ್ಟ ಮಾತನ್ನು ವಿರಾಮದ ಲೆಕ್ಕಕ್ಕೆ ಹಾಕಬಲ್ಲ. ಸಾಲು ಮುರಿಯಲಾರ.

"ಕೊನೆ ಕೆಳಗಿದೆ ಸರ್," ಅಂದ ನದೀಮ್, ಮರ್ಯಾದೆಯಿಂದ ಕೈ ತೋರಿಸಿ.

"ಎಷ್ಟು ಹೊತ್ತಾಗಬಹುದು?"

"ಒಬ್ಬೊಬ್ಬರಿಗೆ ಮೂರು ನಿಮಿಷ."

ಪಿಲಿಂಗ್ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಹೋಗಿ ಕೊನೆಯಲ್ಲಿ ನಿಂತ. ಅವನ ಮುಂದೆ ನಿಂತಿದ್ದವಳು ಗೇನರ್ ಹಿಂಡಲ್. ಅವಳಿಗೆ ಹತ್ತು ಮನೆ ಮುಗಿದಿತ್ತು, ಮೂರು ಉಳಿದಿತ್ತು. ತಿರುಗಿ ನೋಡಿದಳು. ಈ ಸಲ ಅವನೂ ಅವಳ ಮುಖ ನೋಡಿದ.

"ಮಿಸೆಸ್ ಹಿಂಡಲ್," ಅಂದ.

"ಮಿಸ್ಟರ್ ಪಿಲಿಂಗ್," ಅಂದಳು. ಅವನ ಮಾತ್ರೆಯ ವಿಚಾರ ಅವಳಿಗೆ ಗೊತ್ತಿತ್ತು. ಜಾಗ ಬಿಟ್ಟುಕೊಡಬಹುದಿತ್ತು. ವಿನಿ ಇದ್ದಿದ್ದರೆ, ಹೋಗಲಿ ಬಿಡೇ ಅನ್ನುತ್ತಿದ್ದಳೇನೋ. ಗೇನರ್ ಬಿಟ್ಟುಕೊಡಲಿಲ್ಲ. ಮುಂದಕ್ಕೆ ತಿರುಗಿ, ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ತಲೆ ಹಿಂದಕ್ಕೆ ಹಾಕಿ, ಕೊನೆಯ ಗುಟುಕಿನ ತನಕ ಪೂರ್ತಿ ಕುಡಿದಳು.